ರುಜು ಯಾರದು, ಅಧಿಕಾರ ಯಾರದು?

ಮಂಡ್ಯದಿಂದ ಮೈಸೂರಿನ ಕಡೆಗೆ ರೈಲಿನಲ್ಲಿ ಹೋಗುವವರು ಯಲಿಯೂರಿನ ನಿಲ್ದಾಣವನ್ನು ಕಂಡೇ ಇರುವರು. ಕಬ್ಬು ಭತ್ತಗಳ ಆ ಸೀಮೆಯಲ್ಲಿ ನಾಟಿ ಹಾಕುವವಳೂ ಕಳೆ ಕೀಳುವವಳೂ ಹೆಂಗಸು. ಊರಿನ ನ್ಯಾಯ ತೀರ್ಮಾನಕ್ಕೆಂದು ಜಗಲಿಯ ಮೇಲೆ ಕೂಡುವವರು ಮಾತ್ರ ಗಂಡಸರು. ಈ ವಾಡಿಕೆಯನ್ನು ತಿದ್ದುವುದಕ್ಕಾಗಿಯೇ ಕಾಯಿದೆ ಬಂದಿತು. 1983ರ ಕರ್ನಾಟಕದ ಕಾಯಿದೆ ಸ್ತ್ರೀಯರಿಗೆ ಶೇಕಡ 25 ಸ್ಥಾನಗಳನ್ನು ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ದೇಶಕ್ಕೆಲ್ಲ ಮೂರರಲ್ಲೊಂದು ಪಾಲನ್ನು ವಿಧಿಸಿತು. 2010ರಲ್ಲಿ ನಮ್ಮ ನಾಡು ಅದನ್ನು ಅರ್ಧಕ್ಕೆ ಏರಿಸಿತು.

ಕುರ್ಚಿಯೇನೋ ದೊರೆಯಿತು, ಕುಳಿತವರು ಯಾರು? ಅಧ್ಯಕ್ಷೆಯ ಹೆಸರಿನಲ್ಲಿ ಆಕೆಯ ಪತಿಯೋ ಪುತ್ರನೋ ಸಭೆ ನಡೆಯಿಸುವುದನ್ನೂ, ಕಡತವು ರುಜುವಿಗಾಗಿ ಅಡಿಗೆಮನೆಗೆ ಹೋಗಿ ಬರುವುದನ್ನೂ ಕಾಣದವರು ವಿರಳ. ಇದು ಒಂದು ಊರಿನ ಮೇಲೆ ಹೊರಿಸತಕ್ಕ ದೂರಲ್ಲ. ದೇಶವ್ಯಾಪಿಯಾದ ಈ ರೋಗವನ್ನು ವಿಚಾರಿಸಲು ಕೇಂದ್ರ ಸರ್ಕಾರವೇ 2023ರಲ್ಲಿ ಸಮಿತಿಯೊಂದನ್ನು ನೇಮಿಸಬೇಕಾಯಿತು. ಹಣ ಪೋಲಾದರೆ ಉತ್ತರ ಹೇಳಬೇಕಾದವಳು ರುಜು ಹಾಕಿದಾಕೆ. ಆಳಿದವನು ಕಾಗದದಲ್ಲಿ ಎಲ್ಲಿಯೂ ಇಲ್ಲ. ಅಧಿಕಾರವಿಲ್ಲದ ಹೊಣೆಗಾರಿಕೆಗಿಂತ ದೊಡ್ಡ ಅನ್ಯಾಯವಾವುದು?

'ಆಕೆಗೆ ವ್ಯವಹಾರ ತಿಳಿಯದು, ಅದಕ್ಕಾಗಿ ನಾವು ನೋಡಿಕೊಳ್ಳುತ್ತೇವೆ' ಎಂಬುದು ಇವರ ಸಮಾಧಾನ. ಈ ಮಾತು ನಮಗೆ ಹೊಸದಲ್ಲ. ಭಾರತೀಯರು ಸ್ವರಾಜ್ಯಕ್ಕೆ ಇನ್ನೂ ಯೋಗ್ಯರಾಗಿಲ್ಲವೆಂದು ಆಂಗ್ಲರು ಹೇಳುತ್ತಿದ್ದುದೂ ಇದನ್ನೇ. 1938ರಲ್ಲಿ ಇದೇ ಜಿಲ್ಲೆಯ ಶಿವಪುರದಲ್ಲಿ ನಿಷೇಧವನ್ನು ಮೀರಿ ಧ್ವಜವನ್ನೇರಿಸಿದವರು ಆ ಯೋಗ್ಯತಾಪತ್ರಕ್ಕಾಗಿ ಕಾದು ಕುಳಿತಿರಲಿಲ್ಲ. ಅವರ ಮಕ್ಕಳೂ ಮೊಮ್ಮಕ್ಕಳೂ ತಮ್ಮ ಮನೆಯ ಹೆಣ್ಣುಮಕ್ಕಳಿಗೆ ಆ ಹಳೆಯ ಮಾತನ್ನೇ ಒಪ್ಪಿಸುವುದು ಶೋಭಿಸದು.

ಯೋಗ್ಯತೆಗೆ ನಿದರ್ಶನ ಬೇಕಾದರೆ ದೂರ ಹೋಗಬೇಕಾಗಿಲ್ಲ. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿಯೇ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರು 1972ರಿಂದ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತು ಘಟಾನುಘಟಿಗಳಾದ ಗಂಡಸರನ್ನು ಶಿಸ್ತಿಗೆ ತಂದರು. 2019ರಲ್ಲಿ ಮಂಡ್ಯದ ಮತದಾರರು ಅಂದಿನ ಮುಖ್ಯಮಂತ್ರಿಗಳ ಪುತ್ರನನ್ನು ಸೋಲಿಸಿ, ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಷರನ್ನು ಲೋಕಸಭೆಗೆ ಕಳುಹಿಸಿದರು. ಪತಿವಿಯೋಗದ ಅನುಕಂಪವೇ ಗೆದ್ದಿತೆಂದು ಕೆಲವರು ಹೇಳುವರು. ಅಷ್ಟೇ ಎಂದಿಟ್ಟುಕೊಂಡರೂ, ಹೆಣ್ಣಿಗೆ ಮತ ನೀಡಲು ಜಿಲ್ಲೆಯ ರೈತ ಹಿಂಜರಿಯಲಿಲ್ಲವೆಂಬುದು ನಿಜ.

ಹಿಂಜರಿಯುತ್ತಿರುವುದು ಕಚೇರಿ. ಅಧ್ಯಕ್ಷೆಯ ಗಂಡನನ್ನು 'ಅಧ್ಯಕ್ಷರೇ' ಎಂದು ಕರೆದು ಕುರ್ಚಿ ಹಾಕಿಸುವ ಅಧಿಕಾರಿಯೂ, ಕೆಲಸವಾಗಬೇಕೆಂದು ಆತನ ದೂರವಾಣಿಗೇ ಕರೆಮಾಡುವ ಪಟ್ಟಣಿಗನೂ ಈ ಅಪಹಾರಕ್ಕೆ ಸಹಭಾಗಿಗಳು. ಪತಿಯ ಸಲಹೆ ಬೇರೆ, ಸ್ಥಾನಾಪಹಾರ ಬೇರೆ. ಹೊಸದಾಗಿ ಬಂದ ಸದಸ್ಯನಿಗೂ ಅನುಭವ ಸಾಲದು. ಆದರೆ ಅವನ ಪತ್ನಿಯನ್ನು ಸಭೆಗೆ ಕರೆಯಿಸಿದವರನ್ನು ನಾವು ಕಂಡಿಲ್ಲ.

ಆದಕಾರಣ ಅಧಿಕಾರಿ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಚುನಾಯಿತಳಲ್ಲದೆ ಅನ್ಯರು ಸಭೆಯಲ್ಲಿ ಕುಳಿತರೆ ಎಬ್ಬಿಸಿರಿ, ಕಡತವನ್ನು ಆಕೆಗೇ ಓದಿ ಹೇಳಿರಿ, ಆಕೆಯ ಪ್ರಶ್ನೆಗೆ ಆಕೆಗೇ ಉತ್ತರ ಕೊಡಿರಿ. ಇದಕ್ಕೆ ಹೊಸ ಕಾಯಿದೆ ಬೇಡ. ಇರುವ ಕಾಯಿದೆಗೆ ಮರ್ಯಾದೆ ಸಾಕು.