ಪಿಕಪ್ ಗಾಡಿ: ಮಾಲೀಕರ ಮಾತು ಕೇಳುವ ಬಗೆ



ಎತ್ತು ಕೊಳ್ಳಲು ಸಂತೆಗೆ ಹೋದ ರೈತ ಮಾರುವವನ ಮಾತು ಕೇಳುತ್ತಾನೆ. ಆದರೆ ಅದೊಂದನ್ನೇ ನಂಬಿ ಹಣ ಎಣಿಸುವುದಿಲ್ಲ. ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಹೆಗಲ ಮೇಲೆ ಹಳೆಯ ಗಾಯವಿದೆಯೋ ಎಂದು ಕೈಯಾಡಿಸುತ್ತಾನೆ. ಅದೇ ರೈತ ಎತ್ತಿನ ಜೋಡಿಗಿಂತ ಹಲವು ಪಟ್ಟು ಬೆಲೆಯ ಪಿಕಪ್ ಗಾಡಿ ಕೊಳ್ಳುವಾಗ ಚಹಾದಂಗಡಿಯಲ್ಲಿ ಕೇಳಿದ ಒಂದು ಮಾತಿನ ಮೇಲೆ ಮುಂಗಡ ಕೊಟ್ಟು ಬರುತ್ತಾನೆ. ಇದು ಸರಿಯಲ್ಲ. ಎತ್ತಿಗೆ ತೋರುವ ಜಾಣತನವನ್ನು ಗಾಡಿಗೂ ತೋರಬೇಕು.

ಕಮಲಾಪುರದ ಕಡೆಯ ರೈತರಿಗೆ ಇದು ಸಣ್ಣ ಸಂಗತಿಯಲ್ಲ. ಕೆಂಪು ಬಾಳೆ, ತರಕಾರಿ, ಸೊಪ್ಪು ಬೆಳೆದವರು ರಾಷ್ಟ್ರೀಯ ಹೆದ್ದಾರಿ 50ರ ಮೇಲೆ ಮಹಾಗಾಂವ ಕ್ರಾಸ್ ದಾಟಿ, ನಸುಕಿನಲ್ಲೇ ಕಲಬುರಗಿಯ ಸೂಪರ್ ಮಾರ್ಕೆಟ್ ಮುಟ್ಟಬೇಕು. ತೊಗರಿ, ಕಡಲೆ ಇದ್ದವರು ನೆಹರೂ ಗಂಜಿಗೆ ಹೋಗಬೇಕು. ತೊಗರಿ ಒಂದು ದಿನ ತಡವಾದರೆ ಕೆಡುವುದಿಲ್ಲ. ಸೊಪ್ಪು, ಟೊಮೆಟೊ, ಹಣ್ಣಾದ ಬಾಳೆ ಕಾಯುವುದಿಲ್ಲ. ಗಾಡಿ ದಾರಿಯಲ್ಲಿ ನಿಂತರೆ ಅಂದಿನ ಪೇಟೆ ತಪ್ಪಿತು, ಬೆಲೆ ಇಳಿಯಿತು. ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ರೈತನಿಗೆ ಗಾಡಿಯ ಅಂದಚಂದಕ್ಕಿಂತ ಅದು ನಂಬಿಕೆಗೆ ಅರ್ಹವೋ ಅಲ್ಲವೋ ಎಂಬುದೇ ಮುಖ್ಯ.

ಹಿಂದೆ ಆಯ್ಕೆ ಕಡಿಮೆ ಇತ್ತು. ಬಂಡಿ, ಆಮೇಲೆ ಟ್ರ್ಯಾಕ್ಟರ್ ಟ್ರೇಲರ್, ಇಲ್ಲವೇ ಬಾಡಿಗೆಯ ಲಾರಿ. 1986ರಲ್ಲಿ ಟಾಟಾ 407 ಬಂದು ಸಣ್ಣ ಲಾರಿಯ ಕಾಲ ಆರಂಭವಾಯಿತು. 2005ರಲ್ಲಿ ಟಾಟಾ ಏಸ್, 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಬಂದವು. ಮಹೀಂದ್ರದ ಬೊಲೆರೊ ಪಿಕಪ್ ಹಳ್ಳಿಹಳ್ಳಿಗೂ ಹಬ್ಬಿತು. ಇಂದು ಒಂದೇ ಕಂಪನಿಯಲ್ಲೇ ನಾಲ್ಕಾರು ಮಾದರಿಗಳಿವೆ. ಆಯ್ಕೆ ಹೆಚ್ಚಿದಂತೆ ಗೊಂದಲವೂ ಹೆಚ್ಚಿದೆ. ರೈತ ಸಂಪರ್ಕ ಕೇಂದ್ರಕ್ಕೆ ಬೀಜ, ಗೊಬ್ಬರಕ್ಕೆಂದು ಬಂದವರು ಸಹ "ಯಾವ ಗಾಡಿ ಚಲೋ ಸಾಹೇಬ್ರ?" ಎಂದು ಕೇಳುವುದುಂಟು. ಇಂಥದೇ ತೆಗೆದುಕೊಳ್ಳಿರಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಗಾಡಿ ಇಟ್ಟವರ ಮಾತಿನಿಂದ ಕಾಳು ಯಾವುದು, ಹೊಟ್ಟು ಯಾವುದು ಎಂದು ತೂರಿ ತೆಗೆಯುವ ಬಗೆಯನ್ನು ತಿಳಿಸುವುದೇ ಉದ್ದೇಶ.

ಒಂದೇ ಗಾಡಿಗೆ ಎರಡು ಮಾತು ಏಕೆ?

ಸೂಪರ್ ಮಾರ್ಕೆಟ್‌ನಲ್ಲಿ ಮಾಲು ಇಳಿಸುವ ಹೊತ್ತಿನಲ್ಲಿ ಹತ್ತು ಜನರನ್ನು ಕೇಳಿ ನೋಡಿರಿ. ಒಬ್ಬರು "ಭಾರಿ ಅದ ಗಾಡಿ, ಕಣ್ಣು ಮುಚ್ಚಿ ತಗೋರಿ" ಎನ್ನುತ್ತಾರೆ. ಅದೇ ಮಾದರಿಯ ಇನ್ನೊಂದು ಗಾಡಿಯವರು "ಅದರ ಹೆಸರು ತೆಗೀಬ್ಯಾಡ್ರಿ, ಬರೀ ಗ್ಯಾರೇಜಿನ್ಯಾಗೇ ಇರ್ತದ" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಡಾಂಬರು ರಸ್ತೆಯ ಮೇಲೆ ಹಗುರಾದ ತರಕಾರಿ ಪೆಟ್ಟಿಗೆ ಹೇರುತ್ತಾರೆ. ಮತ್ತೊಬ್ಬರು ಎರೆ ಭೂಮಿಯ ಹೊಲದ ದಾರಿಯಲ್ಲಿ ಮಿತಿ ಮೀರಿ ಚೀಲ ಹೇರುತ್ತಾರೆ. ಒಬ್ಬರದು ಆರು ತಿಂಗಳ ಗಾಡಿ, ಇನ್ನೊಬ್ಬರದು ಎಂಟು ವರ್ಷದ್ದು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಹೊಸದಾಗಿ ಕೊಂಡವರು ತಾವು ಮೋಸ ಹೋದೆವೆಂದು ಬೇಗ ಒಪ್ಪುವುದಿಲ್ಲ. ಮಾರಬೇಕೆಂದಿರುವವರು ದೋಷ ಮುಚ್ಚುತ್ತಾರೆ. ಚಾಲಕನಿಗೆ ಓಡಿಸುವ ಸುಖ ಗೊತ್ತು, ರಿಪೇರಿಯ ಖರ್ಚು ಗೊತ್ತಿಲ್ಲ. ಮಿಸ್ತ್ರಿಯ ಮಾತಿಗೆ ತೂಕವಿದೆ, ಆದರೆ ಅವರ ಮುಂದೆ ಬರುವುದು ಕೆಟ್ಟ ಗಾಡಿಗಳು ಮಾತ್ರ. ಊರಲ್ಲಿ ನೂರು ಗಾಡಿ ಇರುವ ಮಾದರಿ ಗ್ಯಾರೇಜಿನಲ್ಲಿಯೂ ಹೆಚ್ಚು ಕಾಣುವುದು ಸಹಜ. ಐದೇ ಗಾಡಿ ಇರುವ ಮಾದರಿ ಗ್ಯಾರೇಜಿನಲ್ಲಿ ಕಾಣಲಿಲ್ಲವೆಂದು ಅದು ಕೆಡುವುದೇ ಇಲ್ಲವೆಂದು ತಿಳಿಯಬಾರದು.

ಅಮೆರಿಕದಲ್ಲಿ 1936ರಿಂದ ನಡೆದು ಬಂದ 'ಕನ್ಸ್ಯೂಮರ್ ರಿಪೋರ್ಟ್ಸ್' ಎಂಬ ಗ್ರಾಹಕರ ಪತ್ರಿಕೆ ತನ್ನ ಓದುಗರಲ್ಲಿ ಗಾಡಿ ಇಟ್ಟವರಿಂದಲೇ ವರದಿ ಪಡೆಯುತ್ತದೆ. ಅದು ಕೇಳುವ ಪ್ರಶ್ನೆ "ನಿಮ್ಮ ಗಾಡಿ ಒಳ್ಳೆಯದೇ?" ಎಂದಷ್ಟೇ ಅಲ್ಲ. "ಕಳೆದ ಹನ್ನೆರಡು ತಿಂಗಳಲ್ಲಿ ಏನು ಕೆಟ್ಟಿತು?" ಎಂದು ಕೇಳುತ್ತದೆ. ಮೊದಲ ಪ್ರಶ್ನೆಗೆ ಬರುವುದು ಅಭಿಮಾನದ ಉತ್ತರ. ಎರಡನೆಯದಕ್ಕೆ ಬರುವುದು ಲೆಕ್ಕದ ಉತ್ತರ. ನಾವೂ ಎರಡನೆಯ ಬಗೆಯಲ್ಲೇ ಕೇಳಬೇಕು.

ಕೇಳಬೇಕಾದ ಆರು ಪ್ರಶ್ನೆಗಳು

1. ಗಾಡಿ ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ? ಒಂದು ವರ್ಷವೂ ತುಂಬದ ಗಾಡಿಯ ಹೊಗಳಿಕೆಗೆ ಬೆಲೆ ಕಡಿಮೆ.

2. ಏನು ಹೇರುತ್ತೀರಿ, ಒಂದು ಸಲಕ್ಕೆ ಎಷ್ಟು ಕ್ವಿಂಟಲ್?

3. ಯಾವ ದಾರಿ? ಹೆದ್ದಾರಿಯೋ, ಮಳೆಗಾಲದಲ್ಲಿ ಹೊಲದವರೆಗೆ ಹೋಗುವುದೋ?

4. ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ದಿನ ಕೆಲಸ ಬಿಟ್ಟು ನಿಂತಿತು, ಯಾವ ಕಾರಣಕ್ಕೆ?

5. ಕೆಟ್ಟ ಭಾಗ ಕಲಬುರಗಿಯಲ್ಲೇ ಸಿಕ್ಕಿತೋ, ಹೊರಗಿನಿಂದ ಬರಬೇಕಾಯಿತೋ? ಎಷ್ಟು ದಿನ ಹಿಡಿಯಿತು?

6. ಇಂದು ಮತ್ತೆ ಕೊಳ್ಳುವುದಾದರೆ ಇದನ್ನೇ ಕೊಳ್ಳುತ್ತೀರಾ?

ನಾಲ್ಕನೆಯ ಮತ್ತು ಐದನೆಯ ಪ್ರಶ್ನೆಗಳಿಗೆ ಹೆಚ್ಚು ಲಕ್ಷ್ಯ ಕೊಡಿರಿ. ವರ್ಷಕ್ಕೆ ಎರಡು ಸಲ ಕೆಟ್ಟರೂ ಅದೇ ಸಂಜೆ ರಿಪೇರಿಯಾಗುವ ಗಾಡಿ, ಒಂದೇ ಸಲ ಕೆಟ್ಟು ಭಾಗಕ್ಕಾಗಿ ಹದಿನೈದು ದಿನ ಕಾಯಿಸುವ ಗಾಡಿಗಿಂತ ರೈತನಿಗೆ ಮೇಲು.

ಇನ್ನೊಂದು ಮಾತು. ಸವೆತ ಬೇರೆ, ದೋಷ ಬೇರೆ. ಟೈರು, ಬ್ರೇಕು, ಕ್ಲಚ್ ಪ್ಲೇಟು ಇವು ನೇಗಿಲ ಕುಳದಂತೆ ಸವೆಯುವ ವಸ್ತುಗಳು. ಬದಲಿಸಿದರೆಂದು ಗಾಡಿಯನ್ನು ದೂರಬಾರದು. ಆದರೆ ಅವು ಅಕಾಲದಲ್ಲಿ ಸವೆದಿದ್ದರೆ ಹೇರು ಎಷ್ಟಿತ್ತು, ಚಾಲಕ ಯಾರಿದ್ದರು ಎಂದು ಕೇಳಬೇಕು. ಇಂಜಿನ್, ಗೇರು ಪೆಟ್ಟಿಗೆ, ಚಾಸಿಯ ತೊಂದರೆ ಹಲವು ಗಾಡಿಗಳಲ್ಲಿ ಒಂದೇ ತೆರನಾಗಿ ಕಂಡರೆ ಅದನ್ನು ದೋಷವೆಂದು ಗಣಿಸಿರಿ.

ಹೇರಿನ ಲೆಕ್ಕ

"ಇಪ್ಪತ್ತೈದು ಕ್ವಿಂಟಲ್ ಹೇರಿದರೂ ಜಗ್ಗುವುದಿಲ್ಲ" ಎಂಬ ಹೊಗಳಿಕೆಯನ್ನು ಗಾಡಿಯ ಗುಣವೆಂದು ತಿಳಿಯಬೇಡಿರಿ. ಅದು ಗಾಡಿಯ ಆಯುಷ್ಯ ಕಡಿಮೆಯಾದ ಸುದ್ದಿ. ಹೆಚ್ಚು ಹೇರಿದಾಗ ಗಾಡಿ ಅಂದೇ ಮುರಿಯುವುದಿಲ್ಲ. ಪಾಟಾ ಸ್ಪ್ರಿಂಗ್, ಗಾಲಿಯ ಬೇರಿಂಗ್, ಕ್ಲಚ್, ಹಿಂದಿನ ಟೈರು ತಿಂಗಳುಗಟ್ಟಲೆ ದಣಿದು ಒಂದು ದಿನ ಕೈಕೊಡುತ್ತವೆ. ಆ ದಿನ ಮಾಲೀಕರು ಕಂಪನಿಯನ್ನು ಬೈಯುತ್ತಾರೆ. ಬ್ರೇಕು ಹಾಕಿದಾಗ ಗಾಡಿ ನಿಲ್ಲುವ ದೂರವೂ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು.

ಲೆಕ್ಕ ಸುಲಭ. ಗಾಡಿಯ ಆರ್.ಸಿ.ಯಲ್ಲಿ ಖಾಲಿ ತೂಕ ಮತ್ತು ಹೇರು ಸಹಿತ ಒಟ್ಟು ತೂಕ ಎರಡೂ ಬರೆದಿರುತ್ತವೆ. ಒಟ್ಟು ತೂಕ 2,950 ಕಿಲೋ, ಖಾಲಿ ತೂಕ 1,650 ಕಿಲೋ ಇದ್ದರೆ ಉಳಿಯುವುದು 1,300 ಕಿಲೋ. ಚಾಲಕ ಮತ್ತು ಜೊತೆಗಾರನ ತೂಕ 130 ಕಿಲೋ ಕಳೆದರೆ ಹೇರಬಹುದಾದದ್ದು 11.7 ಕ್ವಿಂಟಲ್. ನಿಮ್ಮ ರಾಶಿಗೆ ಇಪ್ಪತ್ತು ಕ್ವಿಂಟಲ್ ಒಯ್ಯುವ ಗಾಡಿ ಬೇಕಿದ್ದರೆ ಅಷ್ಟು ಹೊರುವ ಗಾಡಿಯನ್ನೇ ಕೊಳ್ಳಿರಿ, ಇಲ್ಲವೇ ಎರಡು ಸಲ ಹೋಗಿರಿ. 2019ರ ತಿದ್ದುಪಡಿಯ ನಂತರ ಕೇಂದ್ರದ ಮೋಟಾರು ವಾಹನ ಕಾಯ್ದೆಯಲ್ಲಿ ಅತಿ ಹೇರಿಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಹೆಚ್ಚಿನ ಮಾಲನ್ನು ಅಲ್ಲೇ ಇಳಿಸುವ ಖರ್ಚೂ ನಿಮ್ಮದೇ.

ಇದೇ ಸಂದರ್ಭದಲ್ಲಿ ಹೇಳಲೇಬೇಕಾದ ಮಾತು: ಮಾಲಿನ ಗಾಡಿಯ ಹಿಂದೆ ಕೂಲಿಕಾರರನ್ನು ತುಂಬಿಕೊಂಡು ಹೋಗಬಾರದು. ಜೀವಕ್ಕೆ ಅಪಾಯ, ಅಪಘಾತವಾದರೆ ವಿಮೆಯ ರಕ್ಷಣೆಯೂ ಸಿಗದೆ ಪರಿಹಾರದ ಭಾರ ಮಾಲೀಕರ ಹೊಲಮನೆಯ ಮೇಲೆ ಬೀಳಬಹುದು.

ಹೊಸ ಗಾಡಿಗೆ ಹಳೆಯ ಅನುಭವ ಸಾಲದು

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಸ್.-6 ಹೊಗೆ ನಿಯಮ ಜಾರಿಗೆ ಬಂತು. ಅದಕ್ಕಿಂತ ಹಿಂದಿನ ಗಾಡಿ ಇಟ್ಟವರ ಅನುಭವವನ್ನು ಈಗಿನ ಗಾಡಿಗೆ ಹಾಗೆಯೇ ಅನ್ವಯಿಸಬಾರದು. ಹೆಸರು ಒಂದೇ ಇದ್ದರೂ ಒಳಗಿನ ವ್ಯವಸ್ಥೆ ಬದಲಾಗಿದೆ. ಈಗಿನ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಎಂದು ಸಣ್ಣ ದೂರ ಮಾತ್ರ ಓಡಿಸುತ್ತಿದ್ದರೆ ಮಸಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ. ದೀಪ ಹತ್ತಿದಾಗ ಅಲಕ್ಷ್ಯ ಮಾಡಿದವರ ಗಾಡಿ ಶಕ್ತಿ ಕಳೆದುಕೊಂಡು ನಿಲ್ಲುತ್ತದೆ. ನಿಮ್ಮ ಓಡಾಟ ಇಂಥದೇ ಆಗಿದ್ದರೆ, ಇದೇ ಬಗೆಯ ಓಡಾಟವಿರುವ ಮಾಲೀಕರನ್ನು ಹುಡುಕಿ ಕೇಳಿರಿ.

ಕೆಲವು ಮಾದರಿಗಳಿಗೆ ಡೀಸೆಲ್ ಜೊತೆಗೆ ಬೇರೆ ತೊಟ್ಟಿಯಲ್ಲಿ ಯೂರಿಯಾ ದ್ರಾವಣ ಹಾಕಬೇಕು. ಅದು ಶುದ್ಧ ನೀರಿನಲ್ಲಿ ಶೇ. 32.5ರಷ್ಟು ಶುದ್ಧ ಯೂರಿಯಾ ಕರಗಿಸಿದ ದ್ರಾವಣ. ಮನೆಯಲ್ಲಿರುವ ಗೊಬ್ಬರದ ಯೂರಿಯಾವನ್ನು ಕರಗಿಸಿ ಹಾಕುವ ಯೋಚನೆ ಸರ್ವಥಾ ಬೇಡ. 2015ರಿಂದ ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿದೆ. ಬೆಳೆಗೆ ಹಿತವಾದ ಆ ಲೇಪ ಗಾಡಿಯ ಸೂಕ್ಷ್ಮ ಭಾಗಗಳನ್ನು ಕೆಡಿಸುತ್ತದೆ.

ರಾಶಿಯ ಕಾಲದ ಧೂಳೂ ಗಾಡಿಗೆ ವೈರಿ. ಆ ದಿನಗಳಲ್ಲಿ ಗಾಳಿ ಶೋಧಕವನ್ನು ಸರ್ವಿಸ್ ದಿನದವರೆಗೆ ಕಾಯದೆ ಆಗಾಗ ತೆಗೆದು ನೋಡಬೇಕು. ನಮ್ಮ ಬೇಸಿಗೆಯ ಬಿಸಿಲಿಗೆ ರೇಡಿಯೇಟರಿನ ನೀರು, ಕೂಲಂಟ್, ಫ್ಯಾನ್ ಬೆಲ್ಟು ಸರಿಯಿರಬೇಕು. ಇಷ್ಟು ಮಾಡದ ಮಾಲೀಕರ ದೂರನ್ನು ಅರ್ಧ ಮಾತ್ರ ನಂಬಿರಿ.

ಹಳೆಯ ಗಾಡಿ ಕೊಳ್ಳುವವರಿಗೆ

ಇಲ್ಲಿ ಮಾಲೀಕರ ಮಾತಿಗಿಂತ ಗಾಡಿಯೇ ಹೆಚ್ಚು ಹೇಳುತ್ತದೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಿರಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸಂಶಯಪಡಿರಿ. ಕೆಳಗೆ ಬಗ್ಗಿ ನೋಡಿರಿ: ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪಾಟಾ ಸೇರಿಸಿದ್ದರೆ ಆ ಗಾಡಿ ಅತಿ ಹೇರು ಹೊತ್ತದ್ದೆಂದು ತಿಳಿಯಿರಿ. ಇದೇ ಎತ್ತಿನ ಹೆಗಲ ಗಾಯ. ಚಾಸಿಯ ಮೇಲೆ ಬೆಸುಗೆಯ ಗುರುತು, ಟೈರಿನ ಒಂದೇ ಬದಿಯ ಸವೆತ, ಎಣ್ಣೆ ಜಿನುಗು ನೋಡಿರಿ. ಸರ್ವಿಸ್ ಮಾಡಿಸಿದ ರಸೀತಿಗಳನ್ನು ಕೇಳಿರಿ. ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲದ ನಮೂದು ಉಳಿದಿದೆಯೇ, ವಿಮೆ ಮತ್ತು ಫಿಟ್‌ನೆಸ್ ಪತ್ರ ಚಾಲ್ತಿಯಲ್ಲಿವೆಯೇ ಎಂದು ಪರಿಶೀಲಿಸದೆ ಹಣ ಕೊಡಬೇಡಿರಿ.

ವಾಚನಾಲಯದಲ್ಲಿ ಒಂದು ವಹಿ

ಕೊನೆಯದಾಗಿ ಒಂದು ಸೂಚನೆ. ಮಾಲೀಕರ ಅನುಭವ ಈಗ ಚಹಾದಂಗಡಿಯಲ್ಲಿ ಹುಟ್ಟಿ ಅಲ್ಲೇ ಕರಗುತ್ತಿದೆ. ಮಳೆಯ ಲೆಕ್ಕ, ಹಾಲಿನ ಲೆಕ್ಕ ಬರೆದಿಡುವ ನಾವು ಗಾಡಿಯ ಲೆಕ್ಕವನ್ನೇಕೆ ಬರೆಯಬಾರದು? ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ, ನೂರು ಪುಟದ ಒಂದು ವಹಿ ಇಡಿರಿ. ಊರಿನ ಪ್ರತಿ ಪಿಕಪ್ಪಿಗೂ ಒಂದು ಪುಟ. ಮಾದರಿ, ವರ್ಷ, ಓಡಿದ ಕಿಲೋಮೀಟರ್, ಹೇರುವ ಮಾಲು, ಕೆಟ್ಟ ಭಾಗ, ನಿಂತ ದಿನಗಳು, ಖರ್ಚು: ಇಷ್ಟು ಮನೆಗಳನ್ನು ಗೆರೆ ಹಾಕಿ, ತಿಂಗಳಿಗೊಮ್ಮೆ ತುಂಬಿಸಿರಿ. ಮಾಲೀಕರ ಹೆಸರು ಬರೆಯುವ ಅಗತ್ಯವಿಲ್ಲ. ಬರೆಯಲು ಬಾರದವರಿಂದ ಕೇಳಿ ಬರೆಯುವ ಕೆಲಸವನ್ನು ಹೈಸ್ಕೂಲು ಓದುವ ಮಕ್ಕಳು ಸಂತೋಷದಿಂದ ಮಾಡುತ್ತಾರೆ.

ಎರಡು ವರ್ಷ ಇದು ನಡೆದರೆ ನಿಮ್ಮ ಊರಿನ ರಸ್ತೆಗೆ, ನಿಮ್ಮ ಊರಿನ ಹೇರಿಗೆ ಯಾವ ಗಾಡಿ ತಡೆಯುತ್ತದೆ ಎಂಬುದು ಯಾವ ಜಾಹೀರಾತಿಗಿಂತಲೂ ಚೆನ್ನಾಗಿ ತಿಳಿಯುತ್ತದೆ. ಒಂದೇ ಭಾಗ ಹತ್ತು ಗಾಡಿಗಳಲ್ಲಿ ಕೆಟ್ಟಿದ್ದರೆ ಹತ್ತೂ ಜನ ಆ ಪುಟಗಳನ್ನು ಹಿಡಿದು ಒಟ್ಟಿಗೆ ಷೋರೂಮಿಗೆ ಹೋಗಬಹುದು. ಅಲ್ಲಿ ನ್ಯಾಯ ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಒಬ್ಬನ ಗೊಣಗಾಟಕ್ಕೆ ಸಿಗದ ಉತ್ತರ ಹತ್ತು ಜನರ ಲಿಖಿತ ಲೆಕ್ಕಕ್ಕೆ ಸಿಗುತ್ತದೆ.

ಈ ಹಂಗಾಮಿನ ತೊಗರಿ ರಾಶಿಯಾಗಿ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಷೋರೂಮಿನ ದಾರಿ ಹಿಡಿಯುವ ಮುನ್ನ, ಆರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಒಂದು ಬೆಳಿಗ್ಗೆ ಸೂಪರ್ ಮಾರ್ಕೆಟ್‌ಗೆ ಹೋಗಿ ಬನ್ನಿರಿ. ಮಾಲು ಇಳಿಸಿ ಕುಳಿತ ಹತ್ತು ಜನರನ್ನು ಕೇಳಿರಿ, ಉತ್ತರಗಳನ್ನು ಅಲ್ಲೇ ಬರೆದುಕೊಳ್ಳಿರಿ. ಒಂದು ಬೆಳಗಿನ ಈ ಕೆಲಸ ಐದು ವರ್ಷದ ಕಂತಿನ ಚಿಂತೆಯನ್ನು ಹಗುರ ಮಾಡಬಲ್ಲದು.