ತೆನೆ ಎಲ್ಲಿಂದ ತರುವುದು?

ಈ ಅಂಕಣವನ್ನು ನಾವು ನಾಲ್ಕು ಮನೆಯವರು ಸೇರಿ ಬರೆಯುತ್ತೇವೆ ಎಂಬುದು ಹಳೆಯ ಓದುಗರಿಗೆ ಗೊತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೊಡೆದುಹಾಕುತ್ತಾರೆ, ಮೂರನೆಯವರು ಕಾಗುಣಿತ ತಿದ್ದುತ್ತಾರೆ, ನಾಲ್ಕನೆಯವರು ಚಹಾ ಮಾಡುತ್ತಾರೆ. ಈ ಸಲ ಸಂಪಾದಕರು, "ನಿಮ್ಮ ಚರ್ಚಿನ ಹಬ್ಬಗಳ ಬಗ್ಗೆ ಬರೆಯಿರಿ, ಕ್ರಿಸ್‌ಮಸ್ ಕೇಕಿನ ವಿಷಯ ಮಾತ್ರ ಬೇಡ, ಅದು ಎಲ್ಲರಿಗೂ ಗೊತ್ತು" ಎಂದರು. ಹಾಗಾಗಿ ತೆನೆ ಹಬ್ಬಕ್ಕೆ ಬಂದೆವು.

ಸಂಘದಲ್ಲಿ ಬಯಲುಸೀಮೆಯವರೂ ಇದ್ದಾರೆ, ಅವರಿಗಾಗಿ ನಾಲ್ಕು ಮಾತು. ಸೆಪ್ಟೆಂಬರ್ 8 ಕನ್ಯಾ ಮರಿಯಮ್ಮನವರ ಜನ್ಮದಿನ. ಮಂಗಳೂರು, ಉಡುಪಿ, ಕಾಸರಗೋಡು ಕಡೆಯ ಕೊಂಕಣಿ ಕ್ರೈಸ್ತರು ಅದನ್ನು ಮೊಂತಿ ಫೆಸ್ತ್ ಎನ್ನುತ್ತಾರೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನವರ ಮೂರ್ತಿಯ ಮುಂದೆ ಎರಚುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಪಾದ್ರಿಗಳ ಆಶೀರ್ವಾದ. ಮನೆಗೊಂದು ತೆನೆ, ಮಕ್ಕಳ ಕೈಗೊಂದು ಕಬ್ಬಿನ ತುಂಡು. ಮನೆಗೆ ಬಂದ ಮೇಲೆ ಹೊಸ ಕಾಳು ಸುಲಿದು, ಅರೆದು, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಒಂದೊಂದು ಗುಟುಕು ಕುಡಿಯಬೇಕು. ಆಮೇಲೆ ಬಾಳೆ ಎಲೆಯಲ್ಲಿ ಊಟ, ಪೂರ್ತಿ ಸಸ್ಯಾಹಾರ. ಮೀನಿಲ್ಲದೆ ಒಂದು ಹೊತ್ತೂ ಕಳೆಯದ ನಮ್ಮ ಜನ ಅಂದು ಬೆಂಡೆ, ತೊಂಡೆ, ಹೀರೆ, ಕೆಸುವಿನ ದಂಟು ಎಂದು ಮೂರೋ ಐದೋ ಏಳೋ ಒಂಬತ್ತೋ ಬಗೆ ಮಾಡುತ್ತಾರೆ. ಲೆಕ್ಕ ಬೆಸವಾಗಿಯೇ ಇರಬೇಕು.

ನಮ್ಮೂರಲ್ಲಿ ಈ ಹಬ್ಬ ಶುರುವಾದದ್ದು ನೇತ್ರಾವತಿ ದಂಡೆಯ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ, 1763ರಲ್ಲಿ, ಗೋವೆಯಿಂದ ಬಂದ ಜೋಕಿಂ ಮಿರಾಂದಾ ಎಂಬ ಪಾದ್ರಿಗಳಿಂದ ಎನ್ನುತ್ತಾರೆ. ಆದರೆ ತೆನೆ ಮನೆಗೆ ತರುವ ಕ್ರಮ ಅದಕ್ಕಿಂತ ಎಷ್ಟೋ ಹಳೆಯದು. ತುಳುವರ ಮನೆಗಳಲ್ಲಿ ಪುದ್ವಾರ್, ಕುಂದಾಪುರದ ಕಡೆ ಹೊಸ್ತು, ಕೊಡಗಿನಲ್ಲಿ ಹುತ್ತರಿ. ಬಾಗಿಲಿಗೆ ಕದಿರು ಕಟ್ಟುವ ಕೈ ಯಾರದಾದರೂ ಕದಿರು ಒಂದೇ ಗದ್ದೆಯದು. ಊರಲ್ಲಿ ನಮ್ಮ ಚರ್ಚಿಗೆ ತೆನೆ ಕೊಡುತ್ತಿದ್ದದ್ದು ಪಕ್ಕದ ಬಂಟರ ಮನೆಯ ಗದ್ದೆ. ಅವರ ಗದ್ದೆ ಮೊದಲು ಹಣ್ಣಾಗುತ್ತಿತ್ತು, ಅಷ್ಟೇ ಕಾರಣ.

ಇನ್ನು ಇಲ್ಲಿಯ ಮಾತು. ದುಬೈನ ಸೇಂಟ್ ಮೇರೀಸ್ ಚರ್ಚು 1967ರಲ್ಲಿ ತೆರೆಯಿತು, ಜಾಗ ಕೊಟ್ಟವರು ಶೇಖ್ ರಾಶಿದ್. ಬಹರೈನ್‌ನ ಸೇಕ್ರೆಡ್ ಹಾರ್ಟ್ 1939ರದ್ದು, ಅದಕ್ಕೂ ಅಲ್ಲಿಯ ಅರಸರೇ ಜಾಗ ಕೊಟ್ಟರು. ದೋಹಾದವರು ಮಾತ್ರ 2008ರವರೆಗೆ ಕಾಯಬೇಕಾಯಿತು. ಒಂದೇ ಕಾಂಪೌಂಡಿನಲ್ಲಿ ಬೆಳಗ್ಗೆ ಇಂಗ್ಲಿಷ್, ಮಧ್ಯಾಹ್ನ ಮಲಯಾಳ, ಸಂಜೆ ಟಗಾಲೋಗ್, ನಡುವೆ ಅರಬ್ಬಿ, ತಮಿಳು, ಕೊಂಕಣಿ. ಡಿಸೆಂಬರ್ 16ರಿಂದ ಫಿಲಿಪೀನ್ಸಿನವರ ಒಂಬತ್ತು ದಿನಗಳ ಸಿಂಬಾಂಗ್ ಗಾಬಿ ಪೂಜೆಗೆ ಜನ ಗೇಟಿನ ಹೊರಗಿನವರೆಗೂ ನಿಂತಿರುತ್ತಾರೆ. ನಮ್ಮದೂ ಒಂಬತ್ತು ದಿನ, ಅವರದೂ ಒಂಬತ್ತು. ಅವರದು ಚಳಿಗಾಲದಲ್ಲಿ, ನಮ್ಮದು ಉರಿಬಿಸಿಲಿನಲ್ಲಿ. ಸೆಪ್ಟೆಂಬರ್ 8 ಎಂದರೆ ಹೊರಗೆ ಕೆಲಸ ಮಾಡುವವರಿಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಡುವು ಕೊಡಬೇಕೆಂಬ ನಿಯಮ ಇನ್ನೂ ಜಾರಿಯಲ್ಲಿರುವ ಕಾಲ. ಅದು ಮುಗಿಯುವುದೇ ಸೆಪ್ಟೆಂಬರ್ 15ಕ್ಕೆ. ಹೂವಿಗೆ ಅಂಗಡಿಗೆ ಹೋಗಬೇಕು, ಕಬ್ಬಿಗೆ ಜ್ಯೂಸ್ ಅಂಗಡಿಯವನನ್ನು ಒಲಿಸಿಕೊಳ್ಳಬೇಕು. ತೆನೆ?

ಹಿಂದೆ ಊರಿಂದ ಬರುವ ಯಾರೋ ಒಬ್ಬರು ಸೀರೆಯ ಮಡಿಕೆಯಲ್ಲಿ ಸುತ್ತಿ ತರುತ್ತಿದ್ದರು. ಬೀಜ, ಗಿಡಗಳನ್ನು ಹಾಗೆ ತರುವಂತಿಲ್ಲ, ಪ್ರಮಾಣಪತ್ರ ಬೇಕು ಎಂದು ಗೊತ್ತಾದ ಮೇಲೆ ಅದನ್ನು ನಿಲ್ಲಿಸಿದೆವು. ನಮ್ಮ ನಾಲ್ವರಲ್ಲಿ ನರ್ಸ್ ಆಗಿರುವ ಅಕ್ಕ, "ನಾನೇ ಬೆಳೆಸ್ತೇನೆ ನೋಡಿ" ಎಂದು 2023ರ ಮೇ ತಿಂಗಳಲ್ಲಿ ಬಾಲ್ಕನಿಯ ಎರಡು ಬಕೆಟ್‌ಗಳಲ್ಲಿ ಭತ್ತ ಹಾಕಿದರು. ಸಸಿ ಬಂತು, ಹಸಿರಾಯಿತು, ತೆನೆಯೂ ಬಂತು. ನಾವೆಲ್ಲ ಫೋಟೋ ತೆಗೆದು ಊರಿಗೆ ಕಳಿಸಿದೆವು. ಹಬ್ಬದ ಹಿಂದಿನ ದಿನ ಬಿಡಿಸಿ ನೋಡಿದರೆ ಎಲ್ಲ ಜೊಳ್ಳು. ಭತ್ತ ಹೂ ಬಿಡುವ ಹೊತ್ತಿಗೆ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಕಾಳು ಕಟ್ಟುವುದಿಲ್ಲವಂತೆ, ಊರಿನ ಕೃಷಿ ಕಾಲೇಜಿನ ಪರಿಚಯದವರೊಬ್ಬರು ಆಮೇಲೆ ಹೇಳಿದರು. ಇಲ್ಲಿ ಜುಲೈನಲ್ಲಿ ರಾತ್ರಿಯೂ ಅಷ್ಟಿರುತ್ತದೆ. ಅಕ್ಕ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ.

ಅದೇ ವರ್ಷ ಇನ್ನೊಂದು ಸಂಗತಿ ನಡೆಯಿತು. ನಾವು ಕೆಲವರು ಪ್ರತಿ ಹಬ್ಬಕ್ಕೂ ಕಾರ್ಮಿಕರ ಕ್ಯಾಂಪಿಗೆ ಅಕ್ಕಿ, ಬೇಳೆ, ಎಣ್ಣೆ, ಸಾಬೂನು ಇರುವ ಚೀಲ ಕೊಡುತ್ತಿದ್ದೆವು. ಇಲ್ಲಿ ಪರವಾನಗಿ ಇಲ್ಲದೆ ಹಣ ಸಂಗ್ರಹಿಸುವುದು ಅಪರಾಧ, ಹಾಗಾಗಿ ನಮ್ಮ ನಮ್ಮ ಕಿಸೆಯಿಂದಲೇ ಕೊಂಡದ್ದು. ಕ್ಯಾಂಪ್ ಬಾಸ್ ಅನುಮತಿ, ಸಾಲು, ಚೀಲ, ಫೋಟೋ, ನಮಸ್ಕಾರ, ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಆ ಸಲ ಸಾಲಿನಲ್ಲಿದ್ದ ಯಾದಗಿರಿ ಕಡೆಯ ಒಬ್ಬ ಮೇಸ್ತ್ರಿ ಚೀಲ ತಗೊಳ್ಳುತ್ತ ಕೇಳಿದ: "ಯಣ್ಣಾ, ಅಕ್ಕಿ ನಮ್ಮ ಮೆಸ್ಸಿನಾಗೂ ಐತ್ರಿ. ನೀವು ಹಬ್ಬಾ ಅಂತೀರಿ, ಉಣ್ಣಾಕ ಕುಂದ್ರಂಗಿಲ್ಲಲ್ರಿ?"

ಜಗಳದ ದನಿಯಲ್ಲ, ಸುಮ್ಮನೆ ಕೇಳಿದ್ದು. ಹಿಂದಿರುಗುವಾಗ ಕಾರಿನಲ್ಲಿ ನಮ್ಮೊಳಗೇ ವಾದವಾಯಿತು. ಒಬ್ಬರು, ಕೊಟ್ಟದ್ದೂ ತಪ್ಪಾಯಿತೇ ಎಂದರು. ಇನ್ನೊಬ್ಬರು, ಫೋಟೋದಲ್ಲಿ ಅವರ ಮುಖ ನೋಡಿದ್ದೀರಾ ಎಂದರು. ಆ ಫೋಟೋ ಆಗಲೇ ವಾಟ್ಸಾಪ್ ಗುಂಪಿಗೆ ಹೋಗಿತ್ತು, ಅರುವತ್ತು ಜನ ಕೈಮುಗಿದಿದ್ದರು.

ಇದಕ್ಕೆ ಉತ್ತರ ನಮಗೆ ಸಿಕ್ಕಿದ್ದು ಮಲೇಷ್ಯಾದಲ್ಲಿ. ನಮ್ಮಲ್ಲೊಬ್ಬರ ತಮ್ಮ ಸೈಬರ್‌ಜಯಾದಲ್ಲಿ ಕೆಲಸ ಮಾಡಿ, ಪಕ್ಕದ ಪುತ್ರಜಯಾದಲ್ಲಿ ಮನೆ ಮಾಡಿಕೊಂಡಿದ್ದಾನೆ. 2024ರ ಜೂನ್ ಮೊದಲ ವಾರ ನಾವು ಎರಡು ಮನೆಯವರು ಅಲ್ಲಿಗೆ ಹೋದೆವು. ಹೆಸರು ಕೇಳಿದ ಕೂಡಲೇ ನಮ್ಮದೇ ಊರು ಎನ್ನಿಸುತ್ತದೆ: ಪುತ್ರ, ಜಯ. ಮಲೇಷ್ಯಾದ ಮೊದಲ ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಪುತ್ರ ಅವರ ಹೆಸರಿನದು. 1999ರಲ್ಲಿ ಪ್ರಧಾನಿ ಕಚೇರಿ ಕ್ವಾಲಾಲಂಪುರದಿಂದ ಅಲ್ಲಿಗೆ ಬಂತು, 2001ರಲ್ಲಿ ಅದು ಕೇಂದ್ರಾಡಳಿತ ಪ್ರದೇಶವಾಯಿತು. ಅಗೆದು ಮಾಡಿದ ಕೆರೆ, ಅದರ ದಡದಲ್ಲಿ ಗುಲಾಬಿ ಗುಮ್ಮಟದ ಮಸೀದಿ, ಸಾಲು ಸಾಲು ಸಚಿವಾಲಯಗಳು. ನಮ್ಮ ವಿಧಾನಸೌಧವನ್ನು ಇಪ್ಪತ್ತು ಸಲ ನಕಲು ಮಾಡಿ ಹರಡಿದ ಹಾಗೆ. ಊರಿನ ಮುಕ್ಕಾಲು ಭಾಗ ಸರ್ಕಾರಿ ನೌಕರರೇ ಎನ್ನಿಸಿತು.

ತಮ್ಮನ ಪಕ್ಕದ ಮನೆಯಾಕೆ ಸರವಾಕ್‌ನ ಇಬಾನ್ ಸಮುದಾಯದವರು, ಕ್ರೈಸ್ತರು, ಸರ್ಕಾರಿ ನೌಕರಿ. ಬೋರ್ನಿಯೋ ದ್ವೀಪದ ಸರವಾಕ್‌ನಲ್ಲಿ ಜೂನ್ 1 ಗವಾಯ್, ಭತ್ತದ ಕೊಯ್ಲಿನ ಹಬ್ಬ. ಪಕ್ಕದ ಸಬಾ ರಾಜ್ಯದಲ್ಲಿ ಅದೇ ತರಹದ ಕಾಮಾತಾನ್, ಮೇ 30 ಮತ್ತು 31ಕ್ಕೆ. ಎರಡೂ ಅಕ್ಕಿಯ ಹಬ್ಬ, ಎರಡೂ ಕ್ರೈಸ್ತಧರ್ಮಕ್ಕಿಂತ ಹಳೆಯವು, ಎರಡೂ ಈಗ ಚರ್ಚಿನೊಳಗೂ ಬಂದಿವೆ. ನಮ್ಮ ತೆನೆಯ ಕಥೆಯೇ! ಆದರೆ ರಜೆ ಇರುವುದು ಆ ಕಡೆಯ ರಾಜ್ಯಗಳಲ್ಲಿ ಮಾತ್ರ. ಪುತ್ರಜಯಾದಲ್ಲಿ ದುಡಿಯುವ ಸರವಾಕ್‌ನವರಿಗೆ ಗವಾಯ್ ಬರಿಯ ಕೆಲಸದ ದಿನ. ಆದ್ದರಿಂದ ಹತ್ತಿರದ ಭಾನುವಾರಕ್ಕೆ ಮಾಡುತ್ತಾರೆ. ಆ ವರ್ಷ 1ನೇ ತಾರೀಕು ಶನಿವಾರ ಬಿದ್ದು ಅವರಿಗೆ ಅನುಕೂಲವಾಗಿತ್ತು. ಭಾನುವಾರ ಅವರೊಂದಿಗೆ ಕಾಜಾಂಗ್ ಕಡೆಯ ಒಂದು ಚರ್ಚಿಗೆ ಹೋದೆವು. ಮಲಯ್ ಭಾಷೆಯ ಪೂಜೆ, ಮಣಿ ಪೋಣಿಸಿದ ಉಡುಪು, ಪೀಠದ ಬಳಿ ಭತ್ತದ ತೆನೆಯ ಕಟ್ಟು. ನಮ್ಮ ನರ್ಸ್ ಅಕ್ಕ ಪೂಜೆ ಮುಗಿದ ಮೇಲೆ ಮೊದಲು ಹೋದದ್ದು ಆ ಕಟ್ಟಿನ ಹತ್ತಿರ. ಒಂದು ಕಾಳನ್ನು ಉಗುರಿನಿಂದ ಒತ್ತಿ ನೋಡಿ, "ಗಟ್ಟಿ ಉಂಟು" ಎಂದರು.

ಆಮೇಲೆ ಆಕೆಯ ಮನೆ. ಮಲೇಷ್ಯಾದಲ್ಲಿ ಓಪನ್ ಹೌಸ್ ಎಂಬ ರೂಢಿ ಇದೆ. ಈದ್, ಚೀನೀ ಹೊಸವರ್ಷ, ದೀಪಾವಳಿ, ಕ್ರಿಸ್‌ಮಸ್ ಯಾವುದೇ ಇರಲಿ, ಹಬ್ಬದವರ ಮನೆ ಬಾಗಿಲು ತೆರೆದಿರುತ್ತದೆ, ಬೇರೆ ಧರ್ಮದವರೂ ಬಂದು ಉಂಡು ಹೋಗುತ್ತಾರೆ. ಗವಾಯ್‌ನಲ್ಲಿ ಇಬಾನರು ಹೀಗೆ ಮನೆಮನೆ ಸುತ್ತುವುದಕ್ಕೆ ಙಬಾಂಗ್ ಎನ್ನುತ್ತಾರೆ. ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಕೋಳಿ, ಅನ್ನ. ಮುಸಲ್ಮಾನ ಸಹೋದ್ಯೋಗಿಗಳಿಗೆಂದು ಬೇರೆ ಮೇಜು, ಹಲಾಲ್ ಅಂಗಡಿಯಿಂದಲೇ ತಂದ ಊಟ, ಬೇರೆ ತಟ್ಟೆ. ಬಾಗಿಲಲ್ಲಿ "ಗಾಯು ಗುರು ಗೆರೈ ನ್ಯಾಮೈ" ಎಂದು ಸ್ವಾಗತ. ದೀರ್ಘಾಯುಸ್ಸು, ಆರೋಗ್ಯ, ಸುಖ ಎಂದು ಅರ್ಥವಂತೆ. ನಡುವಿನ 'ಗುರು' ಕೇಳಿ ನಮ್ಮ ಹುಡುಗರಿಗೆ ಬೆಂಗಳೂರೇ ನೆನಪಾಯಿತು. ಬಂದವರಲ್ಲಿ ಆ ಕಟ್ಟಡದ ಕಾವಲುಗಾರ ಇದ್ದ, ಕಸ ಗುಡಿಸುವ ಬಾಂಗ್ಲಾ ಹುಡುಗರಿದ್ದರು, ಆಕೆಯ ಇಲಾಖೆಯ ದೊಡ್ಡ ಅಧಿಕಾರಿಯೂ ಇದ್ದರು. ಯಾರ ಕೈಗೂ ಯಾರೂ ಚೀಲ ಕೊಡಲಿಲ್ಲ. ಎಲ್ಲರೂ ಕುಳಿತು ಉಂಡರು.

ಯಾದಗಿರಿಯವನ ಮಾತು ನಮಗೆ ಅಲ್ಲಿ ನೆನಪಾಯಿತು.

2024ರ ಸೆಪ್ಟೆಂಬರ್ 8 ಭಾನುವಾರವೇ ಬಂತು. ಬೆಳಗ್ಗೆ ಚರ್ಚು, ಮಧ್ಯಾಹ್ನ ನಮ್ಮಲ್ಲೊಬ್ಬರ ಫ್ಲಾಟ್. ಸೋಫಾವನ್ನು ಕಾರಿಡಾರಿಗೆ ತಳ್ಳಿ, ಚಾಪೆ ಹಾಸಿ, ಬಾಳೆ ಎಲೆ ಹಾಕಿ ಮೂರು ಪಂಕ್ತಿಯಲ್ಲಿ ನಲವತ್ತಮೂರು ಜನ. ಏಳು ಬಗೆ ಎಂದು ಹೊರಟು ಐದಕ್ಕೆ ನಿಂತೆವು, ಕೆಸುವಿನ ದಂಟು ಸಿಗಲಿಲ್ಲ. ಧರ್ಮದ ಮಾತು ಎತ್ತಬಾರದೆಂದು ಮೊದಲೇ ನಮ್ಮೊಳಗೆ ಕಟ್ಟುಪಾಡು ಮಾಡಿಕೊಂಡಿದ್ದೆವು. ಈ ದೇಶದ ಕಾಯಿದೆಯೂ ಒಪ್ಪುವುದಿಲ್ಲ, ನಮಗೆ ಆ ಆಸೆಯೂ ಇಲ್ಲ. ಫೋಟೋ ಕೂಡ ಇಲ್ಲ ಎಂದದ್ದಕ್ಕೆ ನಮ್ಮ ಮಕ್ಕಳಿಗೇ ಬೇಸರ.

ಮೇಸ್ತ್ರಿ ಬಂದಿದ್ದ, ಜೊತೆಗೆ ಮೂವರು. ಎಲೆ ಮುಂದೆ ಕೂತು, "ನಮ್ಮ ಕಡೆ ಹಿಂಗ ಭತ್ತ ಅಲ್ರೀ, ಜ್ವಾಳ. ಎಳ್ಳಮಾಸಿಗೆ ಮನಿ ಮಂದೆಲ್ಲಾ ಬಂಡಿ ಕಟ್ಕೊಂಡು ಹೊಲಕ್ಕ ಹೋಗಿ ಚರಗಾ ಚೆಲ್ಲಿ ಉಣ್ತೀವಿ. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗಿ" ಎಂದು ಶುರು ಮಾಡಿದ. ಅರ್ಧ ಗಂಟೆ ಅವನದೇ ಮಾತು.

ಅವನ ಜೊತೆ ಬಂದಿದ್ದ ಒಬ್ಬ ಹುಡುಗ ಮಾತೇ ಆಡಲಿಲ್ಲ. ಊಟವಾದ ಮೇಲೆ ಪಾತ್ರೆ ತೊಳೆಯಲು ಅಡುಗೆಮನೆಗೆ ಬಂದವನು ನರ್ಸ್ ಅಕ್ಕನ ಹತ್ತಿರ ಮೆಲ್ಲಗೆ ಹೇಳಿದ: ಸಂಬಳ ಸರಿಯಾಗಿ ಬಾರದೆ ಕಂಪನಿ ಬಿಟ್ಟು ಎರಡು ವರ್ಷವಾಯಿತು, ವೀಸಾ ಮುಗಿದಿದೆ, ಪಾಸ್‌ಪೋರ್ಟ್ ಕೈಯಲ್ಲಿಲ್ಲ, ಕಲ್ಲಿವಲ್ಲಿಯಾಗಿ ಸಿಕ್ಕ ಕೆಲಸ ಮಾಡುತ್ತಿದ್ದೇನೆ, ಅಪ್ಪ ತೀರಿಕೊಂಡಾಗಲೂ ಹೋಗಲಾಗಲಿಲ್ಲ. ಫೈನ್ ಎಷ್ಟಾಗಿದೆ ಎಂದು ಲೆಕ್ಕ ಹಾಕಲೇ ಅವನಿಗೆ ಹೆದರಿಕೆ. ಒಂದು ವಾರದ ಹಿಂದೆಯಷ್ಟೇ, ಸೆಪ್ಟೆಂಬರ್ 1ಕ್ಕೆ, ಸರ್ಕಾರ ಕ್ಷಮಾದಾನ ಶುರು ಮಾಡಿತ್ತು. ದಂಡವಿಲ್ಲದೆ, ಮರಳಿ ಬರಲು ನಿಷೇಧವೂ ಇಲ್ಲದೆ ಊರಿಗೆ ಹೋಗಬಹುದಿತ್ತು. ಹುಡುಗ ಸುದ್ದಿ ಕೇಳಿದ್ದ, ಹೋದರೆ ಹಿಡಿದು ಒಳಗೆ ಹಾಕುತ್ತಾರೆ ಎಂದು ರೂಮಿನವರು ಹೆದರಿಸಿದ್ದರು.

ಮರುವಾರ ನಮ್ಮಲ್ಲಿಬ್ಬರು ರಜೆ ಹಾಕಿ ಅವನ ಜೊತೆ ಓಡಾಡಿದೆವು. ಕಾನ್ಸುಲೇಟಿನಿಂದ ಎಮರ್ಜೆನ್ಸಿ ಸರ್ಟಿಫಿಕೇಟ್, ಆಮೇಲೆ ಔಟ್‌ಪಾಸ್, ಟಿಕೆಟ್. ಸಾಲು ಉದ್ದವಿತ್ತು, ಒಂದು ಕಾಗದಕ್ಕೆ ಮೂರು ಸಲ ಹೋಗಬೇಕಾಯಿತು, ಆದರೆ ಯಾರೂ ಅವನನ್ನು ಹಿಡಿಯಲಿಲ್ಲ. ಕ್ಷಮಾದಾನ ಆಮೇಲೆ ಡಿಸೆಂಬರ್ 31ರವರೆಗೆ ಮುಂದುವರಿಯಿತು. ಅವನು ಅಕ್ಟೋಬರ್‌ನಲ್ಲೇ ಹೋದ. ನಾಲ್ಕು ವರ್ಷ ನಾವು ಆ ಕ್ಯಾಂಪಿನವರಿಗೆ ಚೀಲ ಕೊಟ್ಟಿದ್ದೆವು. ಸಾಲಿನಲ್ಲಿ ನಿಂತವನು, ಕ್ಯಾಂಪ್ ಬಾಸ್ ಎದುರಲ್ಲಿ, ಇಂಥ ಮಾತು ಯಾರ ಹತ್ತಿರ ಹೇಳಬೇಕಿತ್ತು?

ಡಿಸೆಂಬರ್ 30ಕ್ಕೆ ಅವನಿಂದ ವಾಯ್ಸ್ ಮೆಸೇಜ್ ಬಂತು. ಹಿಂದೆ ಎತ್ತಿನ ಗೆಜ್ಜೆ, ಹೆಂಗಸರ ನಗು. "ಯಕ್ಕಾ, ಹೊಲದಾಗ ಅದೀನಿ. ಚರಗಾ ಚೆಲ್ಲಿದ್ವಿ" ಎಂದಷ್ಟೇ.

ಈ ವರ್ಷ 8ನೇ ತಾರೀಕು ಸೋಮವಾರ. ಸರವಾಕ್‌ನವರ ಹಾಗೆ ಹಿಂದಿನ ಭಾನುವಾರಕ್ಕೇ ಊಟ ಇಟ್ಟುಕೊಂಡೆವು. ಅಕ್ಕ ಈ ಸಲ ಬಕೆಟನ್ನು ಬಾಲ್ಕನಿಯಿಂದ ಒಳಗೆ, ಏಸಿ ಇರುವ ಕೋಣೆಯ ಕಿಟಕಿಯ ಬಳಿ ಇಟ್ಟು ಬೆಳೆಸಿದ್ದರು. ಗಂಡನಿಗೆ ಸೊಳ್ಳೆ ಕಾಟ, ಕರೆಂಟ್ ಬಿಲ್ಲಿನ ಚಿಂತೆ. ಬಂದದ್ದು ಆರು ತೆನೆ. ಎಣಿಸಿದರೆ ಗಟ್ಟಿ ಕಾಳು ಮೂವತ್ತೊಂದು. ಐವತ್ತು ಜನರ ಪಾಯಸಕ್ಕೆ ಅಷ್ಟನ್ನೂ ಅರೆದು ಹಾಕಿದೆವು.

ಕೊನೆಗೆ ಒಂದು ಕೇಳಿಕೆ. ಬರುವ ಡಿಸೆಂಬರ್‌ನ ಎಳ್ಳಮಾವಾಸ್ಯೆಗೆ ಊಟ ಬಡಿಸುವುದು ಮೇಸ್ತ್ರಿಯ ಕಡೆಯವರಂತೆ, ನಮ್ಮನ್ನು ಕರೆದಿದ್ದಾರೆ. ಹೊಲ ಇಲ್ಲ, ಪಾರ್ಕಿನಲ್ಲಿ ಕೂರುವುದೆಂದು ಮಾತಾಗಿದೆ. ಸಜ್ಜೆ ಹಿಟ್ಟು ಸಿಕ್ಕಿದೆ. ರೊಟ್ಟಿ ತಟ್ಟಲು ಬರುವವರು ಮಾತ್ರ ಸಾಲದು, ನಮಗೆ ನಾಲ್ವರಿಗೂ ಅದು ಬಾರದು. ಸಂಘದ ಕಲಬುರಗಿ, ಬೀದರ, ರಾಯಚೂರು ಕಡೆಯ ಅಕ್ಕಂದಿರು ಯಾರಾದರೂ ಎರಡು ಗಂಟೆ ಮೊದಲು ಬರುವುದಾದರೆ ದಯವಿಟ್ಟು ಸಂಘದ ಕಾರ್ಯದರ್ಶಿಗಳಿಗೆ ತಿಳಿಸಿ. ಕಾರು ಕಳಿಸುತ್ತೇವೆ.