ಎಳೆಯ ರಬ್ಬರ್ ಮರಕ್ಕೆ ಕತ್ತಿ ಹಾಕುವ ಮುನ್ನ

ಅಡಿಕೆ ತೋಟದ ಮೇಲಿನ ಗುಡ್ಡಕ್ಕೆ ಎಕರೆ, ಎರಡೆಕರೆ ರಬ್ಬರ್ ಹಾಕಿಕೊಂಡವರು ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕಡೆ ಅಪರೂಪವೇನಲ್ಲ. ನೆಟ್ಟು ಏಳು ವರ್ಷ ತುಂಬುತ್ತ ಬಂದಂತೆ ಇವರ ಮುಂದೆ ಏಳುವ ಪ್ರಶ್ನೆ ಒಂದೇ. ಕೆಲವು ಮರ ದಪ್ಪವಾಗಿವೆ, ಕೆಲವು ಇನ್ನೂ ಸಪೂರ. ಎಲ್ಲವನ್ನೂ ಒಟ್ಟಿಗೆ ಟ್ಯಾಪಿಂಗಿಗೆ ಹಿಡಿಯೋಣವೇ? ಕೂಡದು ಎಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ.

ಕಸಿ ಗಿಡವಾದರೆ ಕಸಿಯ ಗಂಟಿನಿಂದ 125 ಸೆಂಟಿಮೀಟರ್ ಎತ್ತರದಲ್ಲಿ ಸುತ್ತಳತೆ 50 ಸೆಂಟಿಮೀಟರ್ ಇರಬೇಕು. ಬೀಜದ ಗಿಡಕ್ಕೆ ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿ 55 ಸೆಂಟಿಮೀಟರ್. ನೂರರಲ್ಲಿ 70 ಮರ ಈ ಅಳತೆಗೆ ಬಂದಾಗ ತೋಟವನ್ನು ತೆರೆಯಬಹುದೆಂದು ರಬ್ಬರ್ ಬೋರ್ಡಿನ ಶಿಫಾರಸು. ಎಡವಟ್ಟಾಗುವುದು ಇಲ್ಲಿಯೇ. 70 ಮರ ಬಂದಿದೆಯಲ್ಲ, ಇನ್ನು ನೂರಕ್ಕೂ ಕತ್ತಿ ಹಾಕಬಹುದೆಂದು ನಮ್ಮಲ್ಲಿ ಹಲವರು ಅರ್ಥ ಮಾಡಿಕೊಂಡಿದ್ದಾರೆ. ಶಿಫಾರಸು ಹೇಳುವುದು ಆ 70 ಮರಗಳ ಮಾತನ್ನು. ಉಳಿದ 30 ತಮ್ಮ ಸರದಿಗೆ ಕಾಯಬೇಕು.

ಕಾಯದಿದ್ದರೆ ಆಗುವುದೇನು? ಸಪೂರ ಮರದ ತೊಗಟೆ ತೆಳು. ಒಳಗೆ ಹಾಲಿನ ನಾಳಗಳೂ ಕಡಿಮೆ. ತೊಗಟೆಗೂ ಮರಕ್ಕೂ ನಡುವೆ ಇರುವ ಬೆಳೆಯುವ ಪದರವನ್ನು ಮುಟ್ಟದಂತೆ ಒಂದು ಮಿಲಿಮೀಟರಿನಷ್ಟು ಬಿಟ್ಟು ಕೆತ್ತಬೇಕು. ದಪ್ಪ ತೊಗಟೆಯಲ್ಲೇ ಇದಕ್ಕೆ ಪಳಗಿದ ಕೈ ಬೇಕು. ತೆಳು ತೊಗಟೆಯಲ್ಲಿ ಕತ್ತಿ ಸ್ವಲ್ಪ ಜಾರಿದರೂ ಗಾಯ ಮರಕ್ಕೇ ಇಳಿಯುತ್ತದೆ. ಆ ಗಾಯ ಗಂಟುಗಂಟಾಗಿ ಮಾಯುತ್ತದೆ. ಮುಂದೆ ಅದೇ ಪಟ್ಟೆಯ ಹೊಸ ತೊಗಟೆಯಲ್ಲಿ ಕೆತ್ತಬೇಕಾಗಿ ಬಂದಾಗ ಕತ್ತಿ ಓಡುವುದೇ ಇಲ್ಲ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಟ್ಯಾಪಿಂಗ್ ಆರಂಭಿಸಿದೊಡನೆ ಮರದ ದಪ್ಪವಾಗುವ ವೇಗ ಕುಗ್ಗುತ್ತದೆ. ಮೈಗೆ ಹೋಗಬೇಕಾದ ಆಹಾರ ಹಾಲಾಗಿ ಹರಿದುಹೋಗುತ್ತದೆ. 42ರಲ್ಲಿ ತೆರೆದ ಮರ ಎಷ್ಟೋ ವರ್ಷ ಸಪೂರವಾಗಿಯೇ ಉಳಿಯುತ್ತದೆ. ತಲೆಭಾರದ ಕೊಂಬೆ ಹೊತ್ತು ಮಳೆಗಾಲದ ಗಾಳಿಗೆ ಮುರಿಯುವುದೂ ಇಂಥದ್ದೇ.

ಕೆನಡಾದಲ್ಲಿಯೂ ಅಮೆರಿಕದ ವರ್ಮಾಂಟಿನಲ್ಲಿಯೂ ಮೇಪಲ್ ಮರದಿಂದ ಸಿಹಿರಸ ಇಳಿಸುವ ರೈತರಿದ್ದಾರೆ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ. ಅಲ್ಲಿಯೂ ಕಾಂಡದ ಅಡ್ಡಳತೆ 10–12 ಅಂಗುಲ ಆಗುವವರೆಗೆ ಮರಕ್ಕೆ ತೂತು ಕೊರೆಯಬಾರದೆಂಬುದು ವಾಡಿಕೆಯ ನಿಯಮ. ವರ್ಷದಲ್ಲಿ ಕೆಲವೇ ವಾರ ರಸ ಕೊಡುವ ಮರಕ್ಕೇ ಅಷ್ಟು ಸಂಯಮ. ನಮ್ಮ ರಬ್ಬರಿಗೋ ಎರಡು ಮೂರು ದಿನಕ್ಕೊಮ್ಮೆ ಕತ್ತಿ.

ಧಾರಣೆ ಇರುವಾಗ ತೆಗೆಯದೆ ಮತ್ತೆ ಯಾವಾಗ ಎನ್ನುವವರ ಮಾತು ನಮಗೆ ಅರ್ಥವಾಗದ್ದಲ್ಲ. 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ ಶೀಟು 2016ರ ಆರಂಭದಲ್ಲಿ 100ರ ಕೆಳಗೆ ಬಿತ್ತು, 2024ರಲ್ಲಿ ಮತ್ತೆ 200 ದಾಟಿತು. ಧಾರಣೆ ಹೀಗೆ ಏರಿಳಿಯುವಾಗ ಮರವಾದರೋ ಇಪ್ಪತ್ತು ವರ್ಷಕ್ಕೂ ಮೇಲೆ ಹಾಲು ಕೊಡುವಂಥದ್ದು. ಒಂದು ಒಳ್ಳೆಯ ಧಾರಣೆಯ ವರ್ಷದಲ್ಲಿ ಸಪೂರ ಮರದಿಂದ ಸಿಗುವ ಹಾಲು ಎಷ್ಟು, ಕೆಟ್ಟುಹೋದ ಪಟ್ಟೆಯಿಂದ ಮುಂದೆ ಆಗುವ ನಷ್ಟ ಎಷ್ಟು ಎಂದು ಬೆಳೆಗಾರರೇ ಲೆಕ್ಕ ಹಾಕಲಿ. 1980ರಲ್ಲಿ ಬಿಡುಗಡೆಯಾದ ಆರ್‌ಆರ್‌ಐಐ 105 ತಳಿ ನಮ್ಮಲ್ಲಿ ಹೆಚ್ಚು. ಇದು ಹಾಲಿಗೆ ಹೆಸರಾದದ್ದು, ಆದರೆ ಅತಿಯಾಗಿ ಕೆತ್ತಿದರೆ ಪಟ್ಟೆ ಒಣಗುವ ಸ್ವಭಾವದ್ದು. ಇದಕ್ಕೆ ದಿನ ಬಿಟ್ಟು ದಿನದ ಟ್ಯಾಪಿಂಗಿಗಿಂತ ಮೂರು ದಿನಕ್ಕೊಮ್ಮೆಯ ಟ್ಯಾಪಿಂಗೇ ಲೇಸು.

ಎರಡನೆಯ ತಕರಾರು ಟ್ಯಾಪರನದು. ಮರದ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ನಡುನಡುವೆ ಮರ ಬಿಟ್ಟು ಗುಡ್ಡ ಹತ್ತುವುದು ನಷ್ಟವೇ. ಹೇಗೂ ಬಂದಾಯಿತಲ್ಲ, ಇದನ್ನೂ ಕೆತ್ತಿಬಿಡೋಣ ಎಂದು ಅವನು ಹೇಳಿದರೆ ತಪ್ಪು ಅವನದಲ್ಲ. ಮೊದಲ ಒಂದೆರಡು ವರ್ಷ ಮರದ ಲೆಕ್ಕ ಬಿಟ್ಟು ದಿನದ ಲೆಕ್ಕದಲ್ಲಿ ಕೂಲಿ ಗೊತ್ತುಮಾಡಿಕೊಳ್ಳುವುದು ನಮಗೆ ನ್ಯಾಯವೆಂದು ತೋರುತ್ತದೆ. ಇಳುವರಿಯ ಪಾಲಿಗೆ ತೋಟ ವಹಿಸಿಕೊಡುವವರಂತೂ ತೆರೆಯುವ ಮರಗಳನ್ನು ತಾವೇ ಗುರುತು ಹಾಕಿ ಕೊಡಬೇಕು.

ಗುರುತು ಹಾಕುವುದು ಕಷ್ಟವೇನಲ್ಲ. 125 ಸೆಂಟಿಮೀಟರಿನ ಒಂದು ಕೋಲು, 50 ಸೆಂಟಿಮೀಟರಿಗೆ ಗಂಟು ಹಾಕಿದ ಒಂದು ದಾರ, ಒಂದು ಡಬ್ಬಿ ಬಣ್ಣ ಸಾಕು. ಇಳಿಜಾರಿನಲ್ಲಿ ನೆಲದಿಂದ ಅಳೆಯದೆ ಕಸಿಯ ಗಂಟಿನಿಂದಲೇ ಅಳೆಯಿರಿ. ಕಣ್ಣಂದಾಜು ಬೇಡ, ಸಪೂರ ಮರಗಳ ನಡುವೆ ನಿಂತ ಸಾಧಾರಣ ಮರವೂ ದಪ್ಪವಾಗಿ ಕಾಣುತ್ತದೆ.

ಮಾರ್ಚ್‌ನಲ್ಲಿ ಬಿಟ್ಟ ಮರಗಳನ್ನು ಸೆಪ್ಟೆಂಬರಿನಲ್ಲಿ ಮತ್ತೆ ಅಳೆದು, ದಾರ ಮುಟ್ಟದಷ್ಟು ಬೆಳೆದವನ್ನು ಆಗ ತೆರೆಯಬಹುದು. ನೆರೆಯ ಮರಗಳ ನೆರಳಲ್ಲಿ ಸಿಕ್ಕಿ ವರ್ಷ ಎರಡಾದರೂ ಮೇಲೇಳದವು ಇನ್ನು ಏಳುವುದು ಅನುಮಾನ. ಅವನ್ನು ಕೆತ್ತಿ ಸತಾಯಿಸುವ ಬದಲು ಕಡಿದು ಸೌದೆಗೆ ಹಾಕಿದರೆ ಉಳಿದವಕ್ಕಾದರೂ ಬಿಸಿಲು ಸಿಗುತ್ತದೆ.